ಕಾಫಿ ಸೀಮೆಯ ವಿಡಂಬನೆ

ಚಿಕ್ಕಮಗಳೂರು ಜಿಲ್ಲೆಯ ವಿಡಂಬನ ಪರಂಪರೆ ಅಲ್ಲಿನ ಕಾಫಿ ತೋಟಗಳಿಗಿಂತ ಹಳೆಯದು. ಅದರ ಬೇರು ಬಯಲುಸೀಮೆಯಲ್ಲಿದೆ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ‘ಜೈಮಿನಿ ಭಾರತ’ದಲ್ಲಿ ಉದ್ದಾಲಕ ಮುನಿಯ ಹೆಂಡತಿ ಚಂಡಿಯ ಕಥೆ ಹೇಳುತ್ತಾನೆ. ಗಂಡ ಬೇಕೆಂದರೆ ಬೇಡ, ಬೇಡವೆಂದರೆ ಬೇಕು ಎನ್ನುವವಳು. ಶ್ರಾದ್ಧದ ದಿನ ಮುನಿ ಎಲ್ಲವನ್ನೂ ತಿರುಗುಮುರುಗಾಗಿ ಹೇಳಿ ಕೆಲಸ ಸಾಧಿಸುತ್ತಾನೆ. ಕೊನೆಗೆ ಮೈಮರೆತು, ಪಿಂಡವನ್ನು ನೀರಿಗೆ ಬಿಡು ಅಂದದ್ದೇ ತಡ, ಅದು ತಿಪ್ಪೆ ಸೇರುತ್ತದೆ. ಗಮಕಿಗಳು ಈ ಷಟ್ಪದಿಗಳನ್ನು ಹಾಡುವಾಗ ನಗು ಬರುವುದು ಮುನಿಯ ಪೇಚಾಟಕ್ಕೆ. ಶಾಪ ತಗುಲಿ ಕಲ್ಲಾಗುವವಳು ಮಾತ್ರ ಚಂಡಿ.

ಘಟ್ಟದ ಅಂಚಿನ ಕಳಸ, ಕೊಪ್ಪ ಕಡೆ ಗೇಲಿಯ ಹಕ್ಕು ಯಕ್ಷಗಾನದ ಹಾಸ್ಯಗಾರನದು. ರಾಜ ಗ್ರಾಂಥಿಕ ಕನ್ನಡದಲ್ಲಿ ಗುಡುಗಿದರೆ ದೂತ ಊರಿನ ಮಾತಿನಲ್ಲಿ ಉತ್ತರಿಸುತ್ತಾನೆ. ಪದ್ಯದಲ್ಲಿ ಇಲ್ಲದ ಕುಟುಕನ್ನು ಅರ್ಥದಲ್ಲಿ ಸೇರಿಸುವ ಸಲಿಗೆ ಅವನಿಗುಂಟು. ಸುಗಮ ಸಂಗೀತದಲ್ಲಿ ಇದೇ ಸಲಿಗೆ ಜಿ.ಪಿ. ರಾಜರತ್ನಂ ಅವರ ಹೆಂಡಗುಡುಕ ರತ್ನನಿಗೆ ಸಿಕ್ಕಿತು. ಮೈಸೂರು ಅನಂತಸ್ವಾಮಿಯವರ ಕಂಠದಿಂದ ಅವನ ಪದಗಳು ಪುಸ್ತಕ ಮುಟ್ಟದವರಿಗೂ ಬಾಯಿಪಾಠವಾದವು.

ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ ಬರೆದ ಪೂರ್ಣಚಂದ್ರ ತೇಜಸ್ವಿ (1938–2007) ಗೇಲಿಯ ಗುರಿಯನ್ನೇ ಬದಲಿಸಿದರು. ‘ತಬರನ ಕಥೆ’ಯ ತಬರ ಸರ್ಕಾರದ ಕೈಕೆಳಗಿನ ನೌಕರ. ಕಾಫಿ ಬೆಳೆಗಾರರಿಂದ ಕಂದಾಯ ವಸೂಲಿ ಮಾಡಲಾಗದ ತಪ್ಪು ಅವನ ತಲೆಗೆ ಬಂದು, ನಿವೃತ್ತಿಯಾದ ಮೇಲೆ ಪಿಂಚಣಿ ಕಡತದೊಳಗೇ ಉಳಿಯುತ್ತದೆ. ಅತ್ತ ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತದೆ. ಇಲ್ಲಿ ನಗೆಪಾಟಲಾಗುವುದು ಕಚೇರಿ, ಬಡವನಲ್ಲ. ಗಿರೀಶ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದರು. ಅದು 1986ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

‘ಕಿರಗೂರಿನ ಗಯ್ಯಾಳಿಗಳು’ ಕಥೆಯಲ್ಲಿ ಚಂಡಿಯ ವಂಶದವರು ಬಡ್ಡಿ ಸಮೇತ ಲೆಕ್ಕ ತೀರಿಸಿಕೊಳ್ಳುತ್ತಾರೆ ಎನ್ನಬಹುದು. ಗಾಳಿಗೆ ಉರುಳಿದ ಹೆಬ್ಬಲಸಿನ ಮರದ ಸುತ್ತ ಗಂಡಸರು ಮಾತಿನಲ್ಲೇ ಕಾಲ ಕಳೆದು, ಆಮೇಲೆ ಜಾತಿಯ ಹೆಸರಲ್ಲಿ ಒಡೆದು ನಿಂತಾಗ, ಊರನ್ನು ದಾರಿಗೆ ತರುವುದು ಬಾಯಿಬಡುಕಿಯರೆನಿಸಿಕೊಂಡ ಹೆಂಗಸರೇ. ಸುಮನಾ ಕಿತ್ತೂರು ನಿರ್ದೇಶನದ ಸಿನಿಮಾ 2016ರಲ್ಲಿ ಬಂತು.

‘ಕೃಷ್ಣೇಗೌಡನ ಆನೆ’ ಇನ್ನೂ ತಣ್ಣಗೆ ಕುಟುಕುತ್ತದೆ. ಊರಿನ ಒಂದೊಂದು ಇಲಾಖೆಯೂ ತನ್ನ ಹುಳುಕನ್ನು ಒಂದು ಸಾಕಿದ ಆನೆಯ ತಲೆಗೆ ಕಟ್ಟುತ್ತದೆ. ಆನೆ ವಿವರಣೆ ಕೊಡುವಂತಿಲ್ಲವಲ್ಲ, ಅರ್ಜಿಯಂತೂ ಬರೆಯದು.