ರೇಡಿಯೇಟರ್ ಹೋಸಿನ ಆಯುಷ್ಯ: ಒಂದು ಪರೀಕ್ಷೆಯ ಚರಿತ್ರೆ

ಮೋಟಾರು ವಾಹನದ ಎಂಜಿನ್‌ನಲ್ಲಿ ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಸರಿಸುಮಾರು ಮೂರನೆಯ ಒಂದು ಪಾಲನ್ನು ನೀರು ಅಥವಾ ಕೂಲಂಟ್ ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಟ್ಟುಕೊಡುತ್ತದೆ. ಎಂಜಿನ್ ತನ್ನ ಆಧಾರಗಳ ಮೇಲೆ ಸದಾ ಅದುರುತ್ತಿರುತ್ತದೆ, ರೇಡಿಯೇಟರ್ ಮಾತ್ರ ಚಾಸಿಗೆ ಬಿಗಿದಂತೆ ನಿಂತಿರುತ್ತದೆ. ಹೀಗಾಗಿ ಇವೆರಡನ್ನು ಜೋಡಿಸುವ ಕೊಳವೆ ಬಾಗಬಲ್ಲದ್ದೂ ಬಿಸಿ ತಡೆಯಬಲ್ಲದ್ದೂ ಆಗಿರಬೇಕಾಯಿತು, ಮತ್ತು ಆ ಕೆಲಸ ಮೊದಲಿನಿಂದಲೂ ರಬ್ಬರಿನ ಪಾಲಿಗೆ ಬಂದಿತು. ಲೋಹದ ಭಾಗಗಳಿಗಿಂತ ಬೇಗ ಮುಪ್ಪಾಗುವ ಈ ಹೋಸನ್ನು ಯಾವಾಗ ಬದಲಾಯಿಸಬೇಕೆಂಬ ಪ್ರಶ್ನೆಗೆ ದುರಸ್ತಿಗಾರರು ಬಹುಕಾಲ ಹೊರಮೈಯನ್ನು ನೋಡಿ, ಮುಟ್ಟಿ ಉತ್ತರ ಹುಡುಕುತ್ತಿದ್ದರು. ಹೋಸ್ ಹಾಳಾಗುವುದು ಹೆಚ್ಚಾಗಿ ಒಳಗಿನಿಂದ ಎಂಬುದು ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನ ಮುಗಿಯುತ್ತ ಬಂದಾಗ.

ಆರಂಭದ ವಾಹನಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಝ್‌ನ ಮೂರು ಗಾಲಿಯ ಗಾಡಿ ನೀರನ್ನು ಕುದಿಸಿ ಆವಿಯಾಗಿಸುವುದರಿಂದಲೇ ತಣಿಯುತ್ತಿತ್ತು. 1888ರಲ್ಲಿ ಬೆರ್ತಾ ಬೆಂಝ್ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಆ ಬಗೆಯ ಗಾಡಿಯನ್ನು ಓಡಿಸಿಕೊಂಡು ಹೋದಾಗ ದಾರಿಯುದ್ದಕ್ಕೂ ನೀರು ತುಂಬಿಸಿಕೊಳ್ಳಬೇಕಾಯಿತು. ಒಂದೇ ನೀರನ್ನು ಮತ್ತೆಮತ್ತೆ ತಣಿಸಿ ಬಳಸುವ ಮಾರ್ಗ ನೆಲೆಗೊಂಡದ್ದು ವಿಲ್ಹೆಲ್ಮ್ ಮೇಬಾಕ್ ರೂಪಿಸಿದ ಜೇನುಗೂಡು ರೇಡಿಯೇಟರಿನಿಂದ. 1901ರ ಮರ್ಸಿಡಿಸ್ ಕಾರಿನ ಆ ರೇಡಿಯೇಟರಿನಲ್ಲಿ 8,070 ಸಣ್ಣ ಕೊಳವೆಗಳಿದ್ದವು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ, ಮೊದಲ ಕೆಲವು ಸಾವಿರ ಕಾರುಗಳನ್ನು ಬಿಟ್ಟರೆ, ವಾಟರ್ ಪಂಪನ್ನೇ ಕೈಬಿಟ್ಟಿತು. ಬಿಸಿ ನೀರು ಹಗುರಾಗಿ ಮೇಲೇರುವ, ತಣಿದ ನೀರು ಕೆಳಗಿಳಿಯುವ ಸಹಜ ಚಲನೆಯನ್ನೇ ನೆಚ್ಚಿದ ಈ ಪದ್ಧತಿಗೆ ಥರ್ಮೋಸೈಫನ್ ಎಂದು ಹೆಸರು. ಅದರಲ್ಲಿ ಒತ್ತಡವೆಂಬುದು ಇರಲಿಲ್ಲವಾದ್ದರಿಂದ ನೇರವಾದ ಗಿಡ್ಡ ರಬ್ಬರ್ ತುಂಡುಗಳೂ ಅವನ್ನು ಬಿಗಿಯುವ ಕ್ಲಿಪ್ಪುಗಳೂ ಸಾಕಾಗುತ್ತಿದ್ದವು, ಮತ್ತು ಹೋಸ್ ಸೋರಿದರೂ ನೀರು ತೊಟ್ಟಿಕ್ಕುತ್ತಿತ್ತೇ ಹೊರತು ಚಿಮ್ಮುತ್ತಿರಲಿಲ್ಲ.

ಆ ಕಾಲದ ಹೋಸ್ ಎಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸಿದ, ಅಂದರೆ ವಲ್ಕನೀಕರಿಸಿದ, ನೈಸರ್ಗಿಕ ರಬ್ಬರ್ ಹಾಗೂ ಅದಕ್ಕೆ ಬಲ ಕೊಡುವ ಹತ್ತಿಯ ಬಟ್ಟೆಯ ಸುತ್ತುಗಳು. ಬಿಸಿಗೆ ಅದು ಗಡುಸಾಗಿ ಬಿರುಕು ಬಿಡುತ್ತಿತ್ತು. ಎಂಜಿನ್ ಎಣ್ಣೆ ತಾಗಿದರೆ ಊದಿಕೊಂಡು ಮೆತ್ತಗಾಗುತ್ತಿತ್ತು. ಈ ಎರಡು ಲಕ್ಷಣಗಳಿಂದಲೇ ಹೋಸನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಹಿಸುಕಿ ನೋಡುವ ರೂಢಿ ಗ್ಯಾರೇಜುಗಳಲ್ಲಿ ಬೇರೂರಿತು: ಮರದಂತೆ ಬಿಗಿಯಾಗಿದ್ದರೂ ಅತಿಯಾಗಿ ಮೆತ್ತಗಿದ್ದರೂ ಅದರ ಕಾಲ ಮುಗಿಯಿತೆಂದು ಅರ್ಥ. ನೋಡಲು ಚೆನ್ನಾಗಿದ್ದ ಹೋಸೂ ಕೆಲವೊಮ್ಮೆ ತೊಂದರೆ ಕೊಡುತ್ತಿತ್ತು. ಒಳಪದರ ಸಿಪ್ಪೆಯಂತೆ ಎದ್ದು, ಅದರ ಚೂರುಗಳು ರೇಡಿಯೇಟರಿನ ಕೊಳವೆಗಳಿಗೆ ಸಿಕ್ಕಿಕೊಂಡು, ಹನಿ ನೀರೂ ಸೋರದ ಗಾಡಿ ಕಾರಣ ತಿಳಿಯದಂತೆ ಕುದಿಯುತ್ತಿತ್ತು. ಪಂಪಿನ ಬಳಕೆ ವ್ಯಾಪಕವಾದ ಮೇಲೆ ಇನ್ನೊಂದು ತೊಡಕು ಸೇರಿತು. ಕೆಳಗಿನ ಹೋಸ್ ಪಂಪ್ ನೀರನ್ನು ಎಳೆದುಕೊಳ್ಳುವ ಬದಿಯಲ್ಲಿರುವುದರಿಂದ ವೇಗ ಹೆಚ್ಚಿದಾಗ ಅದು ಒಳಕ್ಕೆ ಚಪ್ಪಟೆಯಾಗಿ ನೀರಿನ ದಾರಿಯನ್ನೇ ಮುಚ್ಚುತ್ತಿತ್ತು. ಅದನ್ನು ತಡೆಯಲು ಒಳಗೆ ತಂತಿಯ ಸುರುಳಿ ಇಡುವ ಕ್ರಮ ಬಂದಿತು. ಆ ಸುರುಳಿ ತುಕ್ಕು ಹಿಡಿದು ಮುರಿದಿದ್ದರೆ ಹೊರಗಿನಿಂದ ಕಾಣುವಂತಿರಲಿಲ್ಲ. ಹೊರಮೈ ಒಳಗಿನ ಸ್ಥಿತಿಯನ್ನು ಹೇಳದು ಎಂಬ ಪಾಠ ಹೀಗೆ ಹಳೆಯ ಗ್ಯಾರೇಜುಗಳ ಕಣ್ಣೆದುರೇ ಇತ್ತು, ಆದರೂ ಅದು ಪರೀಕ್ಷೆಯ ಕ್ರಮವನ್ನು ಬದಲಿಸಲಿಲ್ಲ.

ಹೋಸ್ ಬದಲಾವಣೆಯನ್ನು ಕ್ಯಾಲೆಂಡರಿಗೆ ಕಟ್ಟಿದ್ದು ಚಳಿ. ಶೀತ ದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಎಂಜಿನ್ ಒಡೆಯದಿರಲೆಂದು ಮೊದಲು ಆಲ್ಕೋಹಾಲ್ ಬೆರೆಸುತ್ತಿದ್ದರು. ಅಮೆರಿಕದಲ್ಲಿ 1927ರಲ್ಲಿ ಪ್ರೆಸ್ಟೋನ್ ಹೆಸರಿನಲ್ಲಿ ಎಥಿಲೀನ್ ಗ್ಲೈಕಾಲ್ ಮಾರುಕಟ್ಟೆಗೆ ಬಂದಿತು. ಅದು ಆಲ್ಕೋಹಾಲಿನಂತೆ ಆವಿಯಾಗಿ ಹೋಗುತ್ತಿರಲಿಲ್ಲ, ಆದರೆ ದುಬಾರಿಯಾಗಿತ್ತು ಮತ್ತು ನೀರು ದಾಟದ ಸಣ್ಣ ಸಂದಿಯಲ್ಲೂ ನುಸುಳುತ್ತಿತ್ತು. ಆದಕಾರಣ ಅದನ್ನು ಸುರಿಯುವ ಮುನ್ನ ಹೋಸುಗಳನ್ನು ಪರೀಕ್ಷಿಸಿ ಕ್ಲಿಪ್ಪುಗಳನ್ನು ಬಿಗಿಗೊಳಿಸುವುದು ಚಳಿಗಾಲಕ್ಕೆ ಮುಂಚಿನ ಕೆಲಸವಾಯಿತು. ದಕ್ಷಿಣ ಭಾರತದ ಬಯಲಿನಲ್ಲಿ ಹೆಪ್ಪುಗಟ್ಟುವ ಭಯವೇ ಇಲ್ಲ. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಬಹುಪಾಲು ರೇಡಿಯೇಟರುಗಳಿಗೆ ಬಾವಿಯ ಅಥವಾ ನಲ್ಲಿಯ ನೀರೇ ಸಾಕೆನಿಸುತ್ತಿತ್ತು, ಚಾರ್ಮಾಡಿ, ಆಗುಂಬೆಗಳಂಥ ಘಾಟಿ ಹತ್ತುವ ಗಾಡಿಗಳಲ್ಲಿ ನೀರಿನ ಡಬ್ಬ ಇರುತ್ತಿತ್ತು, ಮತ್ತು ಹೋಸ್ ಒಡೆದ ಮೇಲೆಯೇ ಹೊಸದು ಬರುತ್ತಿತ್ತು. ಋತುವಿನೊಂದಿಗೆ ಬರುವ ತಪಾಸಣೆ ಇಲ್ಲಿ ಹುಟ್ಟದೇ ಇದ್ದುದಕ್ಕೆ ಚಾಲಕರ ಅಸಡ್ಡೆಗಿಂತ ಹವಾಮಾನವೇ ದೊಡ್ಡ ಕಾರಣವೆನ್ನಬೇಕು.

1930ರ ದಶಕದ ಕೊನೆಯಿಂದ ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳಗಳು ಬಳಕೆಗೆ ಬಂದವು. ವಾತಾವರಣಕ್ಕಿಂತ 15 ಪಿಎಸ್‌ಐಯಷ್ಟು, ಅಂದರೆ ಚದರ ಇಂಚಿಗೆ 15 ಪೌಂಡಿನಷ್ಟು, ಹೆಚ್ಚಿನ ಒತ್ತಡದಲ್ಲಿ ಬರಿಯ ನೀರು ಕೂಡ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಇದರಿಂದ ಎಂಜಿನ್ ಬಿಸಿಯಾಗಿ ಓಡಬಹುದಾಯಿತು, ಆದರೆ ಹೋಸ್ ಒಡೆದರೆ ಕುದಿನೀರು ಸಿಡಿಯುವ ಅಪಾಯವೂ ಬಂದಿತು. ರಬ್ಬರೂ ಬದಲಾಗುತ್ತಿತ್ತು. ಡುಪಾಂಟ್ ಕಂಪನಿ 1930ರ ದಶಕದ ಆರಂಭದಲ್ಲಿ ಮಾರಾಟಕ್ಕೆ ತಂದ ನಿಯೋಪ್ರೀನ್ ಎಣ್ಣೆಗೆ ಜಗ್ಗದ ಕೃತಕ ರಬ್ಬರಾಗಿತ್ತು. 1942ರಲ್ಲಿ ಮಲಯ ಮತ್ತು ಡಚ್ ಈಸ್ಟ್ ಇಂಡೀಸ್‌ಗಳ ತೋಟಗಳು ಜಪಾನಿನ ವಶವಾದಾಗ ಅಮೆರಿಕ ಕೃತಕ ರಬ್ಬರಿನತ್ತ ಪೂರ್ತಿ ವಾಲಿತು. 1960ರ ದಶಕದಲ್ಲಿ ಬಂದ ಇಪಿಡಿಎಂ, ಅಂದರೆ ಎಥಿಲೀನ್ ಮತ್ತು ಪ್ರೊಪಿಲೀನ್‌ಗಳನ್ನು ಬೆಸೆದು ಮಾಡಿದ ರಬ್ಬರು, ಬಿಸಿಯನ್ನೂ ಓಝೋನನ್ನೂ ಗ್ಲೈಕಾಲನ್ನೂ ಚೆನ್ನಾಗಿ ತಾಳಿಕೊಂಡು ಹೋಸುಗಳ ಮುಖ್ಯ ಸಾಮಗ್ರಿಯಾಯಿತು. ಎಣ್ಣೆ ಮಾತ್ರ ಅದಕ್ಕೂ ಶತ್ರುವೇ.

ಇಪಿಡಿಎಂ ಹೊರಗೆ ಬಿರುಕು ಬಿಡುವುದು ಕಡಿಮೆ. ಇದರಿಂದ ಹಳೆಯ ಪರೀಕ್ಷೆ ದಾರಿ ತಪ್ಪಿತು: ಕಪ್ಪಗೆ, ನುಣುಪಾಗಿ ಕಾಣುವ ಹೋಸುಗಳು ಹಠಾತ್ತನೆ ಒಡೆಯುತ್ತಿದ್ದವು, ಅದೂ ನಡುವಿನಲ್ಲಲ್ಲ, ಕ್ಲಿಪ್ಪಿನ ಹತ್ತಿರ. ಬೆಲ್ಟು ಮತ್ತು ಹೋಸುಗಳ ತಯಾರಿಕೆಗೆ ಹೆಸರಾದ ಅಮೆರಿಕದ ಗೇಟ್ಸ್ ಕಂಪನಿಯ ಎಂಜಿನಿಯರುಗಳು ಇಂಥ ಹೋಸುಗಳನ್ನು ಸೀಳಿ ನೋಡಿ ವಿದ್ಯುತ್-ರಾಸಾಯನಿಕ ಸವೆತವೇ ಮುಖ್ಯ ಕಾರಣವೆಂಬ ತೀರ್ಮಾನಕ್ಕೆ ಬಂದರು. ಎಂಜಿನ್ನಿನ ಮತ್ತು ರೇಡಿಯೇಟರಿನ ಬೇರೆಬೇರೆ ಲೋಹಗಳು, ಅವುಗಳ ನಡುವಿನ ಕೂಲಂಟ್, ಇಂಗಾಲದ ಪುಡಿ ಬೆರೆತದ್ದರಿಂದ ಅಲ್ಪಸ್ವಲ್ಪ ವಿದ್ಯುತ್ ಹರಿಯಗೊಡುವ ರಬ್ಬರು, ಇವೆಲ್ಲ ಸೇರಿ ಒಂದು ದುರ್ಬಲ ಬ್ಯಾಟರಿಯಾಗುತ್ತವೆ. ಆ ಕಿರಿದಾದ ಪ್ರವಾಹ ಹೋಸಿನ ಒಳಪದರದಲ್ಲಿ ಉದ್ದುದ್ದಕ್ಕೆ ಸೂಕ್ಷ್ಮ ಸೀಳುಗಳನ್ನು ಮೂಡಿಸುತ್ತದೆ, ಸೀಳುಗಳೊಳಗೆ ಕೂಲಂಟ್ ಇಳಿದು ನಡುವಿನ ನೂಲಿನ ಹೆಣಿಗೆಯನ್ನು ಕೊಳೆಸುತ್ತದೆ, ಮತ್ತು ಬಲ ಕುಂದಿದ ಜಾಗ ಒಂದು ದಿನ ಸೂಜಿರಂಧ್ರವಾಗಿ ಸೋರುತ್ತದೆ ಇಲ್ಲವೇ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಹೆಚ್ಚು ಬಿಸಿಯ ಮೇಲಿನ ಹೋಸ್, ಬೈಪಾಸ್ ಹೋಸ್ ಮತ್ತು ಹೀಟರ್ ಹೋಸುಗಳಲ್ಲಿ ಈ ಸವೆತ ಬೇಗ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವಾದ ಎಸ್‌ಎಇ ಇದನ್ನು ಅಳೆಯಲೆಂದೇ ಜೆ1684 ಎಂಬ ಪರೀಕ್ಷಾ ವಿಧಾನವನ್ನು ಗೊತ್ತುಪಡಿಸಿತು, ಮತ್ತು ತಯಾರಕರು ಈ ಸವೆತವನ್ನು ತಡೆಯುವ ರಬ್ಬರ್ ಮಿಶ್ರಣಗಳಿಗೆ ಹೊರಳಿದರು.

ಈ ತಿಳಿವಳಿಕೆಯ ಅನಂತರ ಬೆರಳಿನ ಪರೀಕ್ಷೆ ಬಿಟ್ಟುಹೋಗಲಿಲ್ಲ, ಅದರ ಜಾಗ ಬದಲಾಯಿತು. ಎಂಜಿನ್ ಪೂರ್ತಿ ತಣಿದ ಮೇಲೆ ಹೋಸನ್ನು ಮೊದಲು ಕ್ಲಿಪ್ಪಿನಿಂದ ಎರಡು ಇಂಚಿನೊಳಗೆ, ಆಮೇಲೆ ನಡುವಿನಲ್ಲಿ ಒತ್ತಿ ಹೋಲಿಸಬೇಕು. ತುದಿ ನಡುವಿಗಿಂತ ಮೆತ್ತಗಿದ್ದರೆ, ಅಥವಾ ಒಳಗೆ ಕಾಲುವೆಯಂಥ ಗೆರೆಗಳು ಬೆರಳಿಗೆ ತಾಗಿದರೆ, ಹೊರಮೈ ಎಷ್ಟೇ ಹೊಸದಾಗಿ ಕಂಡರೂ ಆ ಹೋಸನ್ನು ತೆಗೆಯಬೇಕು. ಮಾಮೂಲಿ ಹೋಸುಗಳಿಗೆ ನಾಲ್ಕು ವರ್ಷದ ಮಿತಿಯನ್ನು ಗೇಟ್ಸ್ ಸೂಚಿಸಿದ್ದು ಇದೇ ಶೋಧನೆಯ ಆಧಾರದ ಮೇಲೆ. ಕೂಲಂಟ್ ಬಳಕೆ ಸಾಮಾನ್ಯವಾಗಿರುವ ಇಂದಿನ ಭಾರತದ ಕಾರುಗಳಿಗೂ ಈ ಪರೀಕ್ಷೆ ಅಷ್ಟೇ ಸಲ್ಲುತ್ತದೆ. ಒಂದು ಹೋಸ್ ಕೈಕೊಟ್ಟ ಗಾಡಿಯಲ್ಲಿ ಉಳಿದವೂ ಅದೇ ವಯಸ್ಸಿನವು, ಅದೇ ಬಿಸಿಯನ್ನು ಉಂಡವು. ಅವನ್ನೆಲ್ಲ ಒಟ್ಟಿಗೆ ಬದಲಾಯಿಸುವುದೇ ಸರಿಯಾದ ಕ್ರಮ.