ಹುಬ್ಬಳ್ಳಿಯ ಸೆಟಲಮೆಂಟೂ ಮಿಶನರಿಗಳೂ

ರಾಜ್ಯೋತ್ಸವದ ಸಂಚಿಕೆ ಎಂದರೆ ಪುಲಿಕೇಶಿ, ವಿದ್ಯಾರಣ್ಯ, ಆಲೂರ ವೆಂಕಟರಾಯರು ಇವರ ಸ್ಮರಣೆ ಬಂದೇ ಬರುವದು, ಬರತಕ್ಕದ್ದೂ ಹೌದು. ಆದರೆ ೧೯೫೬ನೆಯ ಇಸವಿ ನವೆಂಬರ ೧ರಂದು ಮುಂಬಯಿ ರಾಜ್ಯದಿಂದ ಬಿಡಿಸಿಕೊಂಡು ನಮ್ಮೊಡನೆ ಒಂದಾದ ಧಾರವಾಡ, ವಿಜಾಪುರ ಜಿಲ್ಲೆಗಳ ಜನರಲ್ಲಿ, ಅದಕ್ಕೆ ಏಳು ವರ್ಷ ಮೊದಲು ಇನ್ನೊಂದು ಬಿಡುಗಡೆಯನ್ನು ಕಂಡಿದ್ದ ಎಷ್ಟೋ ಕುಟುಂಬಗಳಿದ್ದವು. ಅವರು ಬಿಡಿಸಿಕೊಂಡದ್ದು ತಂತಿಬೇಲಿಯಿಂದ. ಅವರ ಕಥೆಯನ್ನು ಯಾವ ಸಂಚಿಕೆಯಲ್ಲಿಯೂ ನಾವು ಓದಿದ ನೆನಪಿಲ್ಲ. ನಮ್ಮ ಸಂಘದಲ್ಲಿ ಹುಬ್ಬಳ್ಳಿ, ಗದಗು, ವಿಜಾಪುರ, ಸೊಲ್ಲಾಪುರದ ಕಡೆಯ ಮನೆತನಗಳು ಅನೇಕ ಇರುವದರಿಂದ, 'ಸೆಟಲಮೆಂಟು' ಎಂಬ ಶಬ್ದವನ್ನು ಇಲ್ಲಿ ವಿವರಿಸಿ ಹೇಳುವ ಕಾರಣವಿಲ್ಲ. ಆ ಶಬ್ದವನ್ನು ಹಿರಿಯರು ಯಾವ ಧ್ವನಿಯಲ್ಲಿ ಉಚ್ಚರಿಸುತ್ತಿದ್ದರು ಎಂಬುದೂ ಅನೇಕರಿಗೆ ಗೊತ್ತಿದ್ದದ್ದೇ.

ಮೊದಲು ಕಾಯಿದೆಯ ಸಂಗತಿ. ೧೮೭೧ರಲ್ಲಿ ಆಂಗ್ಲ ಸರಕಾರವು 'ಅಪರಾಧಿ ಬುಡಕಟ್ಟುಗಳ ಕಾಯಿದೆ'ಯನ್ನು ಮಾಡಿತು. ಅದು ಆರಂಭದಲ್ಲಿ ಉತ್ತರ ಹಿಂದುಸ್ಥಾನಕ್ಕೆ ಸಂಬಂಧಿಸಿದ್ದಾಗಿತ್ತು. ೧೯೧೧ರಲ್ಲಿ ಅದನ್ನು ತಿದ್ದಿ ಇಡೀ ದೇಶಕ್ಕೆ ಹಬ್ಬಿಸಿದರು. ಈ ಕಾಯಿದೆಯ ವೈಶಿಷ್ಟ್ಯವೇನೆಂದರೆ, ಮನುಷ್ಯನು ಕಳವು ಮಾಡಿದ್ದಾನೋ ಇಲ್ಲವೋ ಎಂದು ಅದು ಕೇಳುತ್ತಿರಲಿಲ್ಲ. ಯಾವ ಹೊಟ್ಟೆಯಲ್ಲಿ ಹುಟ್ಟಿದ್ದಾನೆ ಎಂದು ಕೇಳುತ್ತಿತ್ತು. ಒಂದು ಜಾತಿಯನ್ನು ಗೆಜೆಟ್ಟಿನಲ್ಲಿ ಸಾರಿದರೆಂದರೆ ಅವರ ಹೆಸರುಗಳನ್ನು ಪಟ್ಟಿಯಲ್ಲಿ ಬರೆಯುವದು, ಬೆರಳಚ್ಚು ತೆಗೆದುಕೊಳ್ಳುವದು, ಊರು ಬಿಟ್ಟು ಹೋಗದಂತೆ ಕಟ್ಟಿಹಾಕುವದು ಇವೆಲ್ಲ ಸರಕಾರದ ಅಧಿಕಾರಕ್ಕೆ ಒಳಪಟ್ಟವು. ತಂದೆತಾಯಿಗಳಿಂದ ಮಕ್ಕಳನ್ನು ಬೇರ್ಪಡಿಸಿ ಶಾಲೆಗಳಲ್ಲಿಡುವ ಅಧಿಕಾರವೂ ಅದರಲ್ಲಿತ್ತು. ಕೆಲವು ಅಪರಾಧಗಳಲ್ಲಿ ಎರಡನೆಯ ಸಲ ಸಿಕ್ಕಿಬಿದ್ದವನಿಗೆ ಏಳು ವರ್ಷ, ಮೂರನೆಯ ಸಲಕ್ಕೆ ಜೀವಾವಧಿ ಕರಿನೀರು.

ನಮ್ಮ ಭಾಗದಲ್ಲಿ ಈ ಪಟ್ಟಿಗೆ ಬಂದವರು ಯಾರು? ಕೊರವರು, ಹರಣಶಿಕಾರಿಗಳು, ಛಪ್ಪರಬಂದರು, ಕಂಜರಭಾಟರು, ಗಂಟಿಚೋರರು. ಈ ಕೊನೆಯ ಹೆಸರನ್ನು ನೋಡಿರಿ. ಗಂಟು ಕದಿಯುವವನು ಎಂದು ಅದರ ಅರ್ಥ. ಇದು ಪೊಲೀಸರ, ಊರವರ ಬಾಯಿಂದ ಬಂದ ಹೆಸರು. ಯಾವ ತಾಯಿ ತನ್ನ ಕುಲವನ್ನು ಹೀಗೆ ಕರೆದುಕೊಂಡಾಳು? ಆದರೂ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅದೇ ಹೆಸರು ಬಂದು ಕುಳಿತಿದೆ. ಶಾಲೆಗೆ ಪ್ರಮಾಣಪತ್ರ ಬೇಕಾದ ಮಗುವು ಅದೇ ಹೆಸರಿನಿಂದ ಅರ್ಜಿ ಹಾಕಿಕೊಳ್ಳಬೇಕು.

ಇವರೆಲ್ಲ ಮೊದಲಿನಿಂದ ಕಳ್ಳರೇ ಆಗಿದ್ದರೆಂದು ನಂಬುವವರು ಅಂದಿಗೂ ಇದ್ದರು, ಇಂದಿಗೂ ಇದ್ದಾರೆ. ಇತಿಹಾಸವು ಬೇರೆ ಹೇಳುತ್ತದೆ. ಕೊರವರು ಕತ್ತೆ ಎತ್ತುಗಳ ಮೇಲೆ ಉಪ್ಪು, ಕಾಳುಕಡಿ ಹೇರಿಕೊಂಡು ಕರಾವಳಿಯಿಂದ ಬಯಲುಸೀಮೆಗೆ ವ್ಯಾಪಾರ ಮಾಡುತ್ತಿದ್ದವರು, ಬುಟ್ಟಿ ಹೆಣೆಯುವವರು. ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾಯಿತು. ೧೮೮೦ರ ದಶಕದಲ್ಲಿ ಸದರ್ನ ಮರಾಠಾ ರೈಲ್ವೆಯು ಗದಗು, ಹುಬ್ಬಳ್ಳಿಗಳನ್ನು ಮುಟ್ಟಿತು. ಹೇರೆತ್ತಿನ ವ್ಯಾಪಾರ ಮುಳುಗಿತು. ೧೮೭೮ರ ಅರಣ್ಯ ಕಾಯಿದೆಯು ಬೇಟೆಯವರ ಅಡವಿಗೆ ಬೀಗ ಹಾಕಿತು. ೧೮೭೬ರಿಂದ ೭೮ರ ವರೆಗಿನ ಬರದ ಸಂಕಟವನ್ನು ಇದಕ್ಕೆ ಕೂಡಿಸಿಕೊಳ್ಳಿರಿ. ಹೊಟ್ಟೆಗೆ ದಾರಿ ಮುಚ್ಚಿದ ಮೇಲೆ ಕೆಲವರು ಟೋಳಿ ಕಟ್ಟಿಕೊಂಡು ಸಂತೆ, ಜಾತ್ರೆ, ರೈಲು ನಿಲ್ದಾಣಗಳಲ್ಲಿ ಕೈಚಳಕಕ್ಕೆ ಇಳಿದದ್ದು ನಿಜ. ಅದನ್ನು ಮುಚ್ಚಿಡುವದರಿಂದ ಯಾರಿಗೂ ಉಪಕಾರವಿಲ್ಲ. ಆದರೆ ಟೋಳಿಯ ನಾಲ್ಕು ಜನರ ಅಪರಾಧಕ್ಕಾಗಿ ತೊಟ್ಟಿಲ ಕೂಸನ್ನೂ ಪಟ್ಟಿಗೆ ಸೇರಿಸಿದ್ದು ಎಂಥ ನ್ಯಾಯ?

ಮುಂಬಯಿ ಇಲಾಖೆಯಲ್ಲಿ ಮೊದಲಿನ ಸೆಟಲಮೆಂಟು ವಿಜಾಪುರದಲ್ಲಿ ೧೯೧೦ರ ಸುಮಾರಿಗೆ ಹುಟ್ಟಿತು. ಅದರ ಹಿಂದೆ ಇದ್ದವರು ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿಗಳು. ಹುಬ್ಬಳ್ಳಿ, ಗದಗು, ಸೊಲ್ಲಾಪುರ ಮೊದಲಾದ ಕಡೆ ಬೇರೆ ಸೆಟಲಮೆಂಟುಗಳು ಆಮೇಲೆ ಎದ್ದವು. ಸ್ಥಳದ ಆಯ್ಕೆಯಲ್ಲಿಯೇ ಒಂದು ಲೆಕ್ಕಾಚಾರವಿತ್ತು: ಹತ್ತಿಯ ಗಿರಣಿ, ರೈಲ್ವೆ ಕಾರಖಾನೆ ಇದ್ದಲ್ಲಿ ಸೆಟಲಮೆಂಟು. ಪಟ್ಟಿಯ ಜನರು ಪಾಸು ಹಿಡಿದುಕೊಂಡು ಗಿರಣಿಗೆ ಹೋಗಬೇಕು, ಪಾಳಿ ಮುಗಿದೊಡನೆ ಬೇಲಿಯೊಳಗೆ ಬರಬೇಕು, ಹಾಜರಿ ಕೊಡಬೇಕು. ಗಿರಣಿಯವರಿಗೆ ಓಡಿಹೋಗಲಾರದ ಕೂಲಿಗಳು ಸಿಕ್ಕರು, ಪೊಲೀಸರಿಗೆ ನಿಶ್ಚಿಂತೆಯಾಯಿತು. ಉದ್ಯೋಗದಿಂದ ಸುಧಾರಣೆ ಎಂಬುದು ಬಾಯಿಯ ಮಾತಾಗಿರಲಿಲ್ಲ, ಕೂಲಿಯೂ ಸಿಗುತ್ತಿತ್ತು. ಆದರೆ ಬೇಡವೆಂದು ಹೇಳುವ ಸ್ವಾತಂತ್ರ್ಯವಿಲ್ಲದ ಕೆಲಸವನ್ನು ನಾವು ಉದ್ಯೋಗವೆಂದು ಕರೆಯುವದು ಕಷ್ಟ.

ಇಲ್ಲಿ ಮಿಶನರಿಗಳು ಬರುತ್ತಾರೆ. ಸರಕಾರಕ್ಕೆ ಬೇಲಿ ಕಟ್ಟಲು ಬರುತ್ತಿತ್ತು, ಮನೆಗಳೊಳಗೆ ಹೋಗಿ ಹೆಂಗಸರೊಡನೆ, ಮಕ್ಕಳೊಡನೆ ಕುಳಿತು ಮಾತಾಡಲು ಬರುತ್ತಿರಲಿಲ್ಲ. ಅಂಥವರು ಕಡಿಮೆ ಸಂಬಳಕ್ಕೆ, ಬಹುಕಾಲ ಒಂದೇ ಊರಲ್ಲಿ ನಿಲ್ಲತಕ್ಕವರು ಯಾರಿದ್ದಾರೆ? ಪಾದ್ರಿಗಳು. ಉತ್ತರದಲ್ಲಿ ಈ ದಾರಿಯನ್ನು ಮೊದಲು ಹಿಡಿದದ್ದು ಸಾಲ್ವೇಶನ್ ಆರ್ಮಿ. ಅದರ ಮುಖಂಡರಾದ ಬೂತ್-ಟಕ್ಕರರು, ತಾವೂ ಹಿಂದೆ ಐ.ಸಿ.ಎಸ್.ನಲ್ಲಿ ಇದ್ದವರು, ೧೯೦೮ರಲ್ಲಿ ಗೋರಖಪುರದ ಡೋಮರ ನಡುವೆ ಇಂಥ ವಸತಿಯನ್ನು ತೆರೆದರು. ಆಂಧ್ರದ ಬಾಪಟ್ಲದ ಹತ್ತಿರ ಸ್ಟುವರ್ಟಪುರವೂ ಅವರದೇ. ಸೊಲ್ಲಾಪುರದ ಸೆಟಲಮೆಂಟನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಅಮೇರಿಕನ್ ಮರಾಠಿ ಮಿಶನ್ನಿಗೆ ಒಪ್ಪಿಸಿದರು. ನಮ್ಮ ಹುಬ್ಬಳ್ಳಿಯದನ್ನು ೧೯೨೦ರ ದಶಕದಲ್ಲಿ ನಡೆಯಿಸಿದವರು ಎಸ್.ಪಿ.ಜಿ. ಎಂದು ಹೆಸರಾದ ಆಂಗ್ಲಿಕನ್ ಮಿಶನ್ನಿನವರು.

ಹುಬ್ಬಳ್ಳಿಯಲ್ಲಿ ಕ್ರೈಸ್ತ ಪ್ರಚಾರವೇನು ಹೊಸದಾಗಿರಲಿಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ೧೮೩೭ರಲ್ಲಿ ಧಾರವಾಡವನ್ನೂ ೧೮೩೯ರಲ್ಲಿ ಹುಬ್ಬಳ್ಳಿಯನ್ನೂ ಸೇರಿದ್ದರು. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ೧೮೪೧ರಲ್ಲಿ ಅವರು ಒಂದು ಒಕ್ಕಲುತನದ ವಸತಿಯನ್ನು ಕಟ್ಟಿನೋಡಿದರು. ಅದು ಬಹಳ ಕಾಲ ಬಾಳಲಿಲ್ಲ. ಆದರೆ ಬಾಸೆಲಿನವರ ಕೆಲಸಕ್ಕೂ ಸೆಟಲಮೆಂಟಿನ ಕೆಲಸಕ್ಕೂ ಒಂದು ಮುಖ್ಯ ಭೇದವುಂಟು. ಮಂಗಳೂರಿನ ನೇಯ್ಗೆ, ಹಂಚಿನ ಕಾರಖಾನೆಗಳಿಗೆ ಜನರು ತಾವಾಗಿ ಹೋದರು, ಬೇಡವಾದರೆ ಬಿಟ್ಟು ಬಂದರು. ಜಾತಿಯಿಂದ ಹೊರಬಿದ್ದವರಿಗೆ ಅದು ಆಸರೆಯಾಯಿತು. ಸೆಟಲಮೆಂಟಿನಲ್ಲಿ ಕೇಳುವವನೂ ಬಂದಿ, ಹೇಳುವವನ ಸೊಂಟದಲ್ಲಿ ಬೇಲಿಯ ಬೀಗದ ಕೈ. ಪ್ರೀತಿಯ ಸುವಾರ್ತೆಯನ್ನು ಹಾಜರಿ ಪುಸ್ತಕದೊಡನೆ ಹೊತ್ತುಕೊಂಡು ಹೋಗುವದು ಆ ಮಿಶನರಿಗಳಿಗೂ ಸುಲಭವಾಗಿರಲಾರದು.

ಹಾಗೆಂದು ಎಲ್ಲವನ್ನೂ ಒಂದೇ ಮಸಿಯಿಂದ ಬಳಿಯುವದು ಸರಿಯಲ್ಲ. ಆ ಕಾಲಕ್ಕೆ ಹುಬ್ಬಳ್ಳಿಯ ಯಾವ ಶಾಲೆಯವರು ಹರಣಶಿಕಾರಿಯ ಮಗನನ್ನು ತಮ್ಮ ಮಕ್ಕಳ ಪಕ್ಕಕ್ಕೆ ಕೂಡಿಸಿಕೊಳ್ಳುತ್ತಿದ್ದರು? ಸೆಟಲಮೆಂಟಿನ ಮಕ್ಕಳಿಗೆ ಶಾಲೆ ಕಡ್ಡಾಯವಾಗಿತ್ತು. ಗಿರಣಿಗೆ ಹೋಗುವ ಎಳೆಯರಿಗೆ ಅರ್ಧ ದಿನದ ಕಲಿಕೆ, ದೊಡ್ಡವರಿಗೆ ರಾತ್ರಿ ಶಾಲೆ. ಮುಂಬಯಿ ಇಲಾಖೆಯಲ್ಲಿಯೇ ಕಡ್ಡಾಯ ಶಿಕ್ಷಣವು ಇನ್ನೂ ಕನಸಾಗಿದ್ದಾಗ, ಊರ ಸಂಭಾವಿತರ ಎಷ್ಟೋ ಹೆಣ್ಣುಮಕ್ಕಳು ಅಕ್ಷರ ಕಾಣದಿದ್ದಾಗ, ಬೇಲಿಯೊಳಗಿನ ಹುಡುಗಿಯು ಪಾಟಿಯ ಮೇಲೆ ತನ್ನ ಹೆಸರನ್ನು ಬರೆಯುತ್ತಿದ್ದಳು. ಸಾಹುಕಾರನ ಬಡ್ಡಿಯಿಂದ ಪಾರಾಗಲು ಸಹಕಾರಿ ಪತ್ತಿನ ಸಂಘಗಳನ್ನು ಕಟ್ಟಿಸಿದರು. ತಂಟೆ ತಕರಾರುಗಳನ್ನು ತಮ್ಮೊಳಗೇ ತೀರಿಸಿಕೊಳ್ಳಲು ಪಂಚಾಯತಿಗಳಿದ್ದವು. ನಡತೆ ನೆಟ್ಟಗಿದ್ದವರಿಗೆ ಬೇಲಿಯ ಹೊರಗೆ ಮನೆ ಕಟ್ಟಿಕೊಳ್ಳಲು ಅನುಮತಿ ದೊರೆಯುತ್ತಿತ್ತು. ಇಂಥ ಹೊರವಸತಿಗೆ 'ಫ್ರೀ ಕಾಲನಿ' ಎಂದು ಹೆಸರು. ಸೊಲ್ಲಾಪುರದಲ್ಲಿ ಇಂದಿಗೂ ಪತ್ರದ ವಿಳಾಸಗಳಲ್ಲಿ 'ಸೆಟಲಮೆಂಟ್ ಫ್ರೀ ಕಾಲನಿ' ಎಂದು ಬರೆಯುತ್ತಾರೆ. ಬಂಧನವನ್ನೂ ಬಿಡುಗಡೆಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಇಂಥ ವಿಳಾಸ ಇನ್ನೊಂದಿರಲಾರದು.

ಮತಾಂತರದ ಮಾತೇನು ಎಂದು ವಾಚಕರು ಕೇಳಬಹುದು. ಸ್ಟುವರ್ಟಪುರದಲ್ಲಿ ಕ್ರೈಸ್ತರಾದವರು ಬಹಳ. ನಮ್ಮ ಕಡೆಯ ಸೆಟಲಮೆಂಟುಗಳಲ್ಲಿ ಹಾಗಾಗಲಿಲ್ಲ. ಬಹುಜನರು ತಮ್ಮ ದೇವರು ದಿಂಡರುಗಳನ್ನು, ಜಾತ್ರೆ ಹಬ್ಬಗಳನ್ನು ಬಿಡಲಿಲ್ಲ. ಶಾಲೆಯನ್ನು ತೆಗೆದುಕೊಂಡರು, ಔಷಧವನ್ನು ತೆಗೆದುಕೊಂಡರು, ಮತವನ್ನು ನಯವಾಗಿ ಬದಿಗಿಟ್ಟರು. ಇದರಲ್ಲಿ ಆ ಜನರ ಜಾಣತನವನ್ನೂ ಅಭಿಮಾನವನ್ನೂ ನಾವು ಕಾಣುತ್ತೇವೆ. ಕೈಯಲ್ಲಿ ಬೇರೇನೂ ಉಳಿಯದವರು ಇದೊಂದನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು.

ಈಗ ನಮ್ಮ ಮಯೂರ್ ವಿಹಾರದಿಂದ ಯಮುನೆಯ ಆಚೆ ದಂಡೆಗೆ ಕಣ್ಣು ಹಾಯಿಸೋಣ. ದಿಲ್ಲಿಗೆ ೧೮೭೭ರಲ್ಲಿ ಕೇಂಬ್ರಿಜ್ ಮಿಶನ್ನು ಬಂದಿತು. ೧೮೮೧ರಲ್ಲಿ ಸೇಂಟ್ ಸ್ಟೀಫನ್ಸ್ ಕಾಲೇಜನ್ನು ತೆರೆದವರು ಇವರೇ. ಇವರಲ್ಲಿ ಲೆಫ್ರಾಯ್ ಎಂಬ ತರುಣ ಪಾದ್ರಿ ೧೮೮೪ರಲ್ಲಿ ದರಿಯಾಗಂಜದ ಚರ್ಮಕಾರ ಕ್ರೈಸ್ತರಿಗಾಗಿ ಎಂಟು ಮನೆಗಳ ಒಂದು ಬಸ್ತಿಯನ್ನು ಏರ್ಪಡಿಸಿದರು. ಅಲ್ಲಿರಬೇಕಾದರೆ ಮೂರು ಕಟ್ಟಳೆ: ರವಿವಾರ ಕೆಲಸ ಮಾಡಕೂಡದು, ಹುಟ್ಟು, ಮದುವೆ, ಸಾವುಗಳಲ್ಲಿ ಕ್ರೈಸ್ತ ವಿಧಿಯನ್ನಷ್ಟೇ ಅನುಸರಿಸಬೇಕು, ಚರಸ ಸೇದಕೂಡದು. ಕೇಳಿದರೆ ಒಳ್ಳೆಯ ಮಾತುಗಳೇ. ಆದರೆ ಮದುವೆಯ ಸಂಬಂಧ, ಸಾಲದ ಆಸರೆ, ಚರ್ಮದ ವ್ಯಾಪಾರ ಎಲ್ಲವೂ ಬಿರಾದರಿಯ ಕೈಯಲ್ಲಿದ್ದ ಬಡವನಿಗೆ ಈ ಎಂಟು ಮನೆಗಳ ಅಂಗಳವು ಬಹಳ ಇಕ್ಕಟ್ಟಾಗಿ ಕಂಡಿರಬೇಕು. ಅಲ್ಲಿ ತಂತಿಬೇಲಿ ಇರಲಿಲ್ಲವೆಂಬುದು ದೊಡ್ಡ ವ್ಯತ್ಯಾಸ, ನಿಜ. ಆದರೂ ಜನರನ್ನು ಅವರ ನೆರೆಹೊರೆಯಿಂದ ಎತ್ತಿ ಬೇರೆ ಇಟ್ಟರೆ ಸುಧಾರಿಸುವರೆಂಬ ನಂಬಿಕೆ ಎರಡೂ ಕಡೆ ಒಂದೇ.

ಆ ನಂಬಿಕೆ ಆಂಗ್ಲರೊಡನೆ ಹಡಗು ಹತ್ತಿ ಹೋಗಲಿಲ್ಲ. ನಮ್ಮ ಪಕ್ಕದ ತ್ರಿಲೋಕಪುರಿಯು ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೫-೭೬ರಲ್ಲಿ, ದಿಲ್ಲಿಯ ಜೋಪಡಿಗಳನ್ನು ಕೆಡವಿ ಜನರನ್ನು ಲಾರಿಗಳಲ್ಲಿ ತಂದು ಬಿಟ್ಟ ಪುನರ್ವಸತಿ. ಅದಕ್ಕೂ ಬ್ಲಾಕುಗಳ ಸಂಖ್ಯೆಯೇ ಗುರುತಾಯಿತು. ೧೯೮೪ರ ಸಿಖ್ಖರ ಹತ್ಯೆಯ ತರುವಾಯ ಕೆಲವು ಸಂಖ್ಯೆಗಳನ್ನು ಜನರು ಪಿಸುಮಾತಿನಲ್ಲಿ ಹೇಳುವಂತಾಯಿತು. ಅಲ್ಲಿಂದ ನಮ್ಮ ಸೊಸಾಯಿಟಿಗಳಿಗೆ ಕೆಲಸಕ್ಕೆ ಬರುವ ಹೆಂಗಸರು ಗೇಟಿನಲ್ಲಿ ಕಾರ್ಡು ತೋರಿಸಬೇಕು, ಪೊಲೀಸ ಪರಿಶೀಲನೆಯ ಕಾಗದ ಕೊಡಬೇಕು. ಹುಬ್ಬಳ್ಳಿಯ ಪಾಸನ್ನು ಕಂಡ ಹಿರಿಯರಿದ್ದರೆ ಅವರಿಗೆ ಈ ಕಾರ್ಡು ಹೊಸದೆನಿಸದು. ಇದರ ನಡುವೆ ಈ ದಂಡೆಯಲ್ಲಿ ಬೇರೊಂದು ಬಗೆಯ ಕೆಲಸವೂ ನಡೆದುಬಂದಿದೆ. ಆ ಕೇಂಬ್ರಿಜ್ ಪಂಗಡದವರ ಬಂಧುಸಂಸ್ಥೆಯಾದ ಸೇಂಟ್ ಸ್ಟೀಫನ್ಸ್ ಆಸ್ಪತ್ರೆಯು ೧೯೮೦ರ ದಶಕದಿಂದ ಸುಂದರ ನಗರಿಯಲ್ಲಿ ಬಡ ಕುಟುಂಬಗಳ ಆರೋಗ್ಯ ಕೇಂದ್ರವನ್ನು ನಡೆಸುತ್ತ ಬಂದಿದೆ. ತಾಯಂದಿರು ತಾವಾಗಿ ಬರುತ್ತಾರೆ, ತಾವಾಗಿ ಹೋಗುತ್ತಾರೆ. ನೂರು ವರ್ಷದಲ್ಲಿ ಮಿಶನರಿ ಸೇವೆಯು ಬೀಗದ ಕೈಯನ್ನು ಕೆಳಗಿಟ್ಟು ಬಂದ ದೂರವನ್ನು ಇದರಿಂದ ಅಳೆಯಬಹುದು.

ಮತ್ತೆ ಹುಬ್ಬಳ್ಳಿಗೆ. ೧೯೨೮ರಲ್ಲಿ ಮುಂಬಯಿ ಸರಕಾರವು ಅಸ್ಪೃಶ್ಯರ ಮತ್ತು ಗಿರಿಜನರ ಸ್ಥಿತಿಯನ್ನು ವಿಚಾರಿಸಲು ಅದೇ ಸ್ಟಾರ್ಟೆಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಡಾ. ಅಂಬೇಡಕರರೂ ಠಕ್ಕರ ಬಾಪಾ ಅವರೂ ಅದರಲ್ಲಿದ್ದರು. ೧೯೩೦ರ ಅದರ ವರದಿಯ ಮೇಲಿಂದ ಹಿಂದುಳಿದ ವರ್ಗಗಳ ಇಲಾಖೆ ಹುಟ್ಟಿತು. ಸೆಟಲಮೆಂಟಿನ ಅಧಿಕಾರಿಯೇ ಆ ಇಲಾಖೆಯ ಅಧಿಕಾರಿಯೂ ಆದರು. ವಿದ್ಯಾರ್ಥಿವೇತನವನ್ನೂ ಹಾಜರಿಯನ್ನೂ ಒಂದೇ ಮೇಜಿನಿಂದ ನಡೆಸಿದ ಈ ವಿಚಿತ್ರ ವ್ಯವಸ್ಥೆಯ ಮೇಲೆ ಯಾರಾದರೂ ಒಂದು ಪ್ರಬಂಧವನ್ನೇ ಬರೆಯಬೇಕು.

ಮುಂಬಯಿ ರಾಜ್ಯವು ೧೯೪೯ರಲ್ಲಿ ಕಾಯಿದೆಯನ್ನು ತೆಗೆದುಹಾಕಿತು. ಇಡೀ ದೇಶಕ್ಕೆ ಅದು ರದ್ದಾದದ್ದು ೧೯೫೨ರ ಆಗಸ್ಟ ೩೧ರಂದು. ಆ ದಿನವನ್ನು ವಿಮುಕ್ತ ದಿನವೆಂದು ಆ ಸಮಾಜಗಳು ಆಚರಿಸುತ್ತವೆ. ಸ್ವಾತಂತ್ರ್ಯಕ್ಕೆ ಐದು ವರ್ಷ ತಡವಾಗಿ ಬಂದ ಸ್ವಾತಂತ್ರ್ಯವಿದು. ಬಂದ ಬೆನ್ನಿಗೇ 'ರೂಢಿಗತ ಅಪರಾಧಿ'ಗಳ ಕಾಯಿದೆಗಳು ರಾಜ್ಯ ರಾಜ್ಯಗಳಲ್ಲಿ ಬಂದವು. ನಮ್ಮ ರಾಜ್ಯದಲ್ಲಿಯೂ ೧೯೬೧ರದು ಒಂದುಂಟು. ಈ ಹೊಸ ಕಾಯಿದೆಗಳಲ್ಲಿ ಜಾತಿಯ ಹೆಸರಿಲ್ಲ. ಠಾಣೆಯ ಪಟ್ಟಿಗಳಲ್ಲಿ ಮಾತ್ರ ಹಳೆಯ ಮನೆತನಗಳೇ ಬಹುಕಾಲ ಉಳಿದವು. ೨೦೨೪ರ ಅಕ್ಟೋಬರ ೩ರಂದು ಸುಪ್ರೀಂ ಕೋರ್ಟು, ಸೆರೆಮನೆಗಳಲ್ಲಿಯ ಜಾತಿಭೇದದ ಮೊಕದ್ದಮೆಯಲ್ಲಿ, ವಿಮುಕ್ತ ಬುಡಕಟ್ಟುಗಳವರನ್ನು ಹುಟ್ಟು ಅಪರಾಧಿಗಳೆಂದು ಕಾಣುವ ಕಾರಾಗೃಹ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಎಂದರೆ ೧೮೭೧ರ ಮಾತು ನೂರೈವತ್ತಮೂರು ವರ್ಷದ ಮೇಲೂ ನಿಯಮಗಳ ಪುಸ್ತಕದಲ್ಲಿ ಕುಳಿತಿತ್ತು.

ಹುಬ್ಬಳ್ಳಿಯ ಸೆಟಲಮೆಂಟು ಈಗ ಊರ ನಡುವಿನ ಒಂದು ಬಡಾವಣೆ. ಬೇಲಿ ಹೋಗಿದೆ, ಹೆಸರು ಉಳಿದಿದೆ. ಮಿಶನ್ನಿನ ಶಾಲೆಗಳಲ್ಲಿ ಕಲಿಸಿದ ಕನ್ನಡ ಮಾಸ್ತರರಾಗಲಿ, ಕಲಿತ ಮಕ್ಕಳಾಗಲಿ ತಮ್ಮ ಕಥೆಯನ್ನು ಬರೆದದ್ದು ತೀರ ಕಡಿಮೆ. ಅಧಿಕಾರಿಗಳ ವರದಿಗಳೂ ಮಿಶನ್ನಿನ ಪತ್ರಗಳೂ ಮಾತ್ರ ಗ್ರಂಥಾಲಯಗಳಲ್ಲಿ ಉಳಿದಿವೆ. ನೆರೆಯ ಮರಾಠಿಯಲ್ಲಿ ಲಕ್ಷ್ಮಣ ಗಾಯಕವಾಡರು ೧೯೮೭ರಲ್ಲಿ 'ಉಚಲ್ಯಾ' ಎಂಬ ಆತ್ಮಕಥೆಯನ್ನು ಬರೆದು, ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಕನ್ನಡದಲ್ಲಿ ಈ ಬೇಲಿಯೊಳಗಿನವರ ಪುಸ್ತಕಕ್ಕಾಗಿ ನಾವು ಕಾಯುತ್ತಿದ್ದೇವೆ. ನಮ್ಮ ಸದಸ್ಯರ ಮನೆತನಗಳಲ್ಲಿ ಯಾರಾದರೂ ಹುಬ್ಬಳ್ಳಿ, ಗದಗು, ವಿಜಾಪುರದ ಸೆಟಲಮೆಂಟುಗಳಲ್ಲಿ ಇದ್ದವರು, ಕಲಿಸಿದವರು, ಅಲ್ಲಿಂದ ಗಿರಣಿ ರೈಲ್ವೆಗಳಿಗೆ ಹೋದವರು ಇದ್ದರೆ, ಹಳೆಯ ಪಾಸು, ಫೋಟೋ, ಶಾಲೆಯ ದಾಖಲೆ ಏನಿದ್ದರೂ ಸಂಘದ ಗ್ರಂಥಾಲಯಕ್ಕೆ ತಂದು ತೋರಿಸಬೇಕು. ಪ್ರತಿ ತೆಗೆದುಕೊಂಡು ಮೂಲವನ್ನು ಹಿಂದಿರುಗಿಸುತ್ತೇವೆ. ಹೆಸರು ಹೇಳಬೇಡಿರೆಂದರೆ ಹೇಳುವದಿಲ್ಲ.