ನಾಲ್ಕು ತಾಲೂಕು, ಒಂದೇ ಪಟ್ಟಿ: ‘ಅತಿ ಹಿಂದುಳಿದ’ ಅಂದ್ರೆ ಏನು?

ಹಾವೇರಿ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯಲ್ಲಿ ‘ಅತಿ ಹಿಂದುಳಿದ’ ಪಟ್ಟಿಯಲ್ಲಿವೆ. ವಿಶೇಷ ಅಭಿವೃದ್ಧಿ ಯೋಜನೆಯ ಅನುದಾನಕ್ಕೆ ಆಧಾರವಾಗಿದ್ದು ಇದೇ ವರದಿ.

ಲೆಕ್ಕ ಹೇಗೆ?
ಕೃಷಿ, ಉದ್ಯಮ, ಬ್ಯಾಂಕ್, ರಸ್ತೆ, ಶಾಲೆ, ಆಸ್ಪತ್ರೆ, ಜನಸಂಖ್ಯೆ ಹೀಗೆ 35 ಸೂಚಕ ಸೇರಿಸಿ ಪ್ರತಿ ತಾಲೂಕಿಗೆ ಒಂದು ಅಂಕ ಕೊಟ್ಟರು. ರಾಜ್ಯದ ಸರಾಸರಿ 1. ಅಂಕ 0.80ರಿಂದ 0.88ರೊಳಗೆ ಇದ್ರೆ ‘ಅತಿ ಹಿಂದುಳಿದ’. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು. ಅದರಲ್ಲಿ 40 ಈ ವರ್ಗದವು.

ಹೋಲಿಸುವಾಗ ಇದು ಗಮನದಲ್ಲಿರಲಿ
* ಒಂದೇ ಪಟ್ಟಿ ಅಂದ್ರೆ ಒಂದೇ ಕೊರತೆ ಅಲ್ಲ. ಒಂದು ಕಡೆ ನೀರಾವರಿ, ಇನ್ನೊಂದು ಕಡೆ ಬ್ಯಾಂಕ್ ಶಾಖೆ ಕಡಿಮೆ ಇದ್ರೂ ಅಂಕ ಹತ್ತಿರ ಹತ್ತಿರ ಬರಬಹುದು.
* ಸಾಕ್ಷರತೆ ಒಂದನ್ನೇ ನೋಡಿದ್ರೆ ಸಾಲದು. 2011ರ ಜನಗಣತಿಯಲ್ಲಿ ಜಿಲ್ಲೆ ಶೇ 77.40, ರಾಜ್ಯ ಶೇ 75.36. ಅಂದ್ರೆ ಓದಿನಲ್ಲಿ ಜಿಲ್ಲೆ ಮುಂದೇನೇ ಇತ್ತು.
* 2011ರ ಹಿರೇಕೆರೂರು ಲೆಕ್ಕದೊಳಗೆ ಈಗಿನ ರಟ್ಟೀಹಳ್ಳಿ ತಾಲೂಕೂ ಇದೆ. ಹೊಸ ಅಂಕಿ ಜೊತೆ ನೇರ ಹೋಲಿಸಿದ್ರೆ ತಪ್ಪಾಗ್ತದೆ.

ಅಸಮತೋಲನವನ್ನು ಮತ್ತೆ ಅಳೆಯಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಸಮಿತಿ ರಚಿಸಿತು. ಪಟ್ಟಿಯಲ್ಲಿ ನಮ್ಮ ತಾಲೂಕು ಇದೆಯಾ ಅಂತ ಮಾತ್ರ ಕೇಳಬೇಡಿ. ಯಾವ ಸೂಚಕದಲ್ಲಿ ಹಿಂದೆ ಬಿದ್ದೇವೆ ಅಂತ ಕೇಳಿ. ಅನುದಾನ ಅಲ್ಲಿಗೇ ಹೋಗಬೇಕು.